ಮಜೀದಸಾಬ ಆರಿಸಿದ ದೀಪ

ಸೇಡಂನ ಪಿಂಜಾರ ಓಣಿಯ ಮಜೀದಸಾಬನಿಗೆ ಹಗಲು ಹೊತ್ತು ಕೆಲಸವಿರಲಿಲ್ಲ. ಊರ ಮಂದಿ ಉಂಡು ಕೈ ತೊಳೆಯುವ ಹೊತ್ತಿಗೆ ಅವನು ಖಾಕಿ ಅಂಗಿ ತೊಟ್ಟು, ಹೆಗಲಿಗೊಂದು ಕಟ್ಟಿಗೆಯ ಪೆಟ್ಟಿಗೆ ಏರಿಸಿಕೊಂಡು ಮನೆ ಬಿಡುತ್ತಿದ್ದ. ಪೆಟ್ಟಿಗೆಯಲ್ಲಿ ಗಾಜಿನ ಪಟ್ಟಿಗಳು, ಸೂಜಿಗಳು, ಹತ್ತಿ, ಒಂದು ಸ್ಪಿರಿಟ್ ಸೀಸೆ. ಮನೆಮನೆಗೆ ಹೋಗಿ, ಒಬ್ಬೊಬ್ಬರ ಬೆರಳ ತುದಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತ ಹಿಡಿದುಕೊಂಡು ಬರುವುದು ಅವನ ನೌಕರಿ. ಆನೆಕಾಲು ರೋಗದ ಹುಳು ಹಗಲೆಲ್ಲ ಮೈಯ ಒಳಗೆ ಅಡಗಿದ್ದು, ರಾತ್ರಿ ಎಂಟೂವರೆ ದಾಟಿದ ಮೇಲಷ್ಟೇ ಬೆರಳಿನ ರಕ್ತಕ್ಕೆ ಬರುತ್ತದೆ. ಹಗಲು ತೆಗೆದ ರಕ್ತದಲ್ಲಿ ಏನೂ ಕಾಣುವುದಿಲ್ಲ. ಹೀಗಾಗಿ 1966ರಲ್ಲಿ ನೌಕರಿ ಸಿಕ್ಕ ದಿನದಿಂದ ಅವನ ಬದುಕು ರಾತ್ರಿಗೆ ಸೇರಿತು.

ಅವನ ಅಪ್ಪ ಗಾದಿ ತುಂಬುವವನು. ಬಿಲ್ಲು ಮಿಡಿದು ಹತ್ತಿ ಅರಳಿಸುತ್ತ ಅರಳಿಸುತ್ತ ಎದೆಯೊಳಗೆ ಅರಳೆ ಸೇರಿ, ಕೆಮ್ಮಿ ಕೆಮ್ಮಿ ಸತ್ತ. ಮಗ ಏಳನೆಯ ತರಗತಿಯವರೆಗೆ ಓದಿದ್ದ. ಸರ್ಕಾರದ ಸಂಬಳ, ಧೂಳಿಲ್ಲದ ಕೆಲಸ ಎಂದು ಹೆಂಡತಿ ಇಮಾಮ್‌ಬೀಗೆ ಸಮಾಧಾನವಿತ್ತು. ಮೊದಲ ಐದು ವರ್ಷ ಅವನು ಸೇಡಂ ಊರಲ್ಲೇ ಕಂದೀಲು ಹಿಡಿದು ಓಣಿ ಓಣಿ ತಿರುಗಿದ. ಒಮ್ಮೊಮ್ಮೆ ಆಡಕಿಯ ಕಡೆಗೆ ಜೀಪಿನಲ್ಲಿ ಹೋಗಿ ಬಂದ. ಮಂದಿ ಅವನನ್ನು ರಗತದ ಸಾಬ ಎಂದು ಕರೆದರು. ಬೈದರು, ನಕ್ಕರು, ಕಡೆಗೆ ಬೆರಳು ಕೊಟ್ಟರು.

ತೊಂದರೆ ಶುರುವಾದದ್ದು 1971ರಲ್ಲಿ, ಚಿಂಚೋಳಿಯ ಗುಡ್ಡಗಳ ನಾಲ್ಕು ಊರುಗಳನ್ನು ಅವನಿಗೆ ವಹಿಸಿದ ಮೇಲೆ. ಸೋಮವಾರ ಸೈಕಲ್ಲನ್ನು ಬಸ್ಸಿನ ನೆತ್ತಿಗೆ ಕಟ್ಟಿ ಚಿಂಚೋಳಿಗೆ ಹೋಗಬೇಕು. ಅಲ್ಲಿ ಒಂದು ಕೋಣೆ ಹಿಡಿದಿದ್ದ. ದಿನಕ್ಕೊಂದು ಊರಿನಂತೆ ರಾತ್ರಿ ಗುಡ್ಡ ಹತ್ತಿ ಇಳಿದು, ಶನಿವಾರ ಪಟ್ಟಿಗಳ ಪೆಟ್ಟಿಗೆಯೊಂದಿಗೆ ಸೇಡಂಗೆ ಮರಳಬೇಕು. ನಾಲ್ಕರಲ್ಲಿ ಎಲ್ಲಕ್ಕಿಂತ ದೂರದ್ದು ಬಂಡಪಲ್ಲಿ. ಅಲ್ಲಿಗೆ ರಸ್ತೆಯೇ ಇರಲಿಲ್ಲ. ಕಟ್ಟಿಗೆಯ ಗಾಡಿಗಳು ತುಳಿದು ಮಾಡಿದ ಕೆಂಪು ಕಲ್ಲಿನ ದಾರಿ ಎರಡು ಹರದಾರಿ ಏರಿ, ಒಂದು ಒಣ ಹಳ್ಳ ದಾಟಿ, ಆಮೇಲೆ ಕಡಿದಾಗಿ ಸುತ್ತಿ ಸುತ್ತಿ ಊರಿಗೆ ಇಳಿಯುತ್ತಿತ್ತು.

ಆಫೀಸಿನವರು ಸೈಕಲ್ಲಿನ ಜೊತೆ ಒಂದು ಸೀಮೆಎಣ್ಣೆಯ ದೀಪ ಕೊಟ್ಟಿದ್ದರು. ಪೇಟೆಯ ಪೊಲೀಸರಿಗೆ ತೋರಿಸಲು ಅದು ಸಾಕಾಗಿತ್ತು. ಗುಡ್ಡದ ಮೊದಲ ಕಲ್ಲಿಗೆ ಆರಿಹೋಯಿತು. ಹಚ್ಚಿದ, ಮತ್ತೆ ಆರಿತು. ಏಳನೆಯ ಕಡ್ಡಿ ಗೀರಿದ ಮೇಲೆ ಅವನು ಕತ್ತಲಲ್ಲೇ ಸೈಕಲ್ಲು ಬಿಟ್ಟುಕೊಂಡು ಹಳ್ಳದೊಳಗೆ ಬಿದ್ದ. ಮೊಣಕೈಯ ಚರ್ಮ ಕಿತ್ತುಬಂತು. ಎಪ್ಪತ್ತು ಪಟ್ಟಿಗಳಲ್ಲಿ ಐವತ್ತು ಒಡೆದುಹೋದವು.

ಆ ಶನಿವಾರ ಅವನು ಸೇಡಂನ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಅಂಬರಾಯನ ಮುಂದೆ ಕುಳಿತ. ಅಂಬರಾಯ ರಾತ್ರಿ ಹೊತ್ತು ಊರ ಗಡಿ ದಾಟಿದವನಲ್ಲ. ಆದರೆ ದೀಪಗಳ ವಿಷಯದಲ್ಲಿ ಅವನಷ್ಟು ತಿಳಿದವರು ಸುತ್ತಮುತ್ತ ಯಾರೂ ಇರಲಿಲ್ಲ. ಹಲಗೆಯ ಮೇಲೆ ಒಂದು ಡೈನಮೋ, ಶಹಾಬಾದಿನ ಕಲ್ಲಿನ ಖಣಿಯವರಿಂದ ತಂದ ಒಂದು ಕಾರ್ಬೈಡ್ ದೀಪ, ಮೂರು ಸೆಲ್ಲಿನ ಒಂದು ಉದ್ದನೆಯ ಬ್ಯಾಟರಿ ಸಾಲಾಗಿ ಇಟ್ಟ.

ಡೈನಮೋವನ್ನು ಎತ್ತಿ ತೋರಿಸಿ ಅಂದ, “ಇದು ಗಾಲಿ ಓಡಿದ್ರ ಉರೀತದ, ನಿಂತ್ರ ಸಾಯ್ತದ. ನೀವು ಏರಿನ್ಯಾಗ ಸೈಕಲ್ ತಳ್ಳಿಕೋತ ಹೋಗೋರು. ತಳ್ಳೋರಿಗಿ ಇದು ಬೆಳಕ ಕೊಡೂದಿಲ್ಲ.”

ಮಜೀದಸಾಬ ಆದರೂ ಮೊದಲು ಅದನ್ನೇ ಒಯ್ದ. ಎಣ್ಣೆ ಬೇಡ, ಸೆಲ್ಲು ಬೇಡ ಎಂಬ ಆಸೆ. ಏರಿನಲ್ಲಿ ಅದು ಮಿಣುಕು ಹುಳದಷ್ಟು ಬೆಳಗಿತು. ಇಳಿಜಾರಿನಲ್ಲಿ ಸೈಕಲ್ಲು ಹಾರಿ ಓಡಿದಾಗ ಹಗಲಿನಂತೆ ಹೊಳೆದು, ಅಷ್ಟರಲ್ಲಿ ಬಲ್ಬು ಸುಟ್ಟುಹೋಯಿತು. ಆಮೇಲೆ ಕಾರ್ಬೈಡ್ ದೀಪ ಒಯ್ದ. ಒಳಗಿನ ಕಾರ್ಬೈಡ್ ಪುಡಿಯ ಮೇಲೆ ನೀರು ಹನಿಯುತ್ತಿದ್ದಂತೆ ಬೆಳ್ಳನೆಯ ಉರಿ ಎದ್ದು ಗುಡ್ಡದ ಅರ್ಧ ಕಾಣಿಸುತ್ತಿತ್ತು. ಆದರೆ ಅದರ ವಾಸನೆಗೆ ತಲೆ ಸಿಡಿಯುತ್ತಿತ್ತು, ಕುಲುಕಾಟಕ್ಕೆ ನೀರು ಒಮ್ಮೆಲೇ ಸುರಿದು ಉರಿ ಮುಖಕ್ಕೇ ಬರುತ್ತಿತ್ತು. ಒಂದು ಸಲ ಹುಬ್ಬು ಸುಟ್ಟುಕೊಂಡ.

ಕಡೆಗೆ ಉಳಿದದ್ದು ಬ್ಯಾಟರಿ. ಅಂಬರಾಯ ಅದನ್ನು ಹ್ಯಾಂಡಲ್ಲಿಗೆ ಕಟ್ಟಲಿಲ್ಲ. ಹಳೆಯ ಟ್ಯೂಬಿನ ಪಟ್ಟಿ ಸುತ್ತಿ ಕೆಳಗೆ, ಮುಂದಿನ ಗಾಲಿಯ ಪಕ್ಕಕ್ಕೆ ಬಿಗಿದ. ಯಾಕೆ ಎಂದು ಮಜೀದಸಾಬ ಕೇಳಿದ.

“ಬೆಳಕ ಮ್ಯಾಲಿಂದ ಬಿದ್ರ ಕಲ್ಲಿಗಿ ನೆರಳಿರಲ್ರಿ ಸಾಬ್ರೇ. ನೆರಳಿಲ್ಲದ ಕಲ್ಲು ಕಣ್ಣಿಗಿ ಕಾಣೂದಿಲ್ಲ. ಕೆಳಗಿಂದ ಬಿಡ್ರಿ, ಗುಂಡಿ ಯಾವ್ದು ಕಲ್ಲು ಯಾವ್ದು ತಾನಾ ತಿಳೀತದ.”

ಮಾತು ನಿಜವಾಯಿತು. ಬೆಳಕು ಕಿರಿದಾಗಿತ್ತು, ಆದರೆ ಮೂವತ್ತು ನಲವತ್ತು ಹೆಜ್ಜೆ ಮುಂದಿನ ಒಂದೊಂದು ಕಲ್ಲೂ ತನ್ನ ನೆರಳು ಚಾಚಿಕೊಂಡು ತೋರುತ್ತಿತ್ತು. ಕುಲುಕಾಟಕ್ಕೆ ಅದು ಅಂಜಲಿಲ್ಲ. ನಿಂತಾಗಲೂ ಬೆಳಗಿತು. ಸೆಲ್ಲಿನ ಖರ್ಚನ್ನು ಅವನು ಬೀಡಿ ಬಿಟ್ಟು ಸರಿದೂಗಿಸಿದ. ಆ ವರ್ಷ ಅವನು ಒಮ್ಮೆಯೂ ಬೀಳಲಿಲ್ಲ.

ಆದರೆ ಬಂಡಪಲ್ಲಿಯಲ್ಲಿ ಅವನಿಗೆ ಮಂದಿ ಸಿಗಲಿಲ್ಲ. ಬಾಗಿಲು ತೆರೆದಿರುತ್ತಿದ್ದವು, ಒಲೆಯಲ್ಲಿ ಕೆಂಡವಿರುತ್ತಿತ್ತು, ಒಳಗೆ ಮುದುಕರು, ಕೂಸುಗಳು ಮಾತ್ರ. ದುಡಿಯುವ ವಯಸ್ಸಿನ ಗಂಡಸರು ಹೆಂಗಸರು ಒಬ್ಬರೂ ಇಲ್ಲ. ತೆಗೆದ ರಕ್ತವನ್ನು ಪೇಟೆಯಲ್ಲಿ ಮಾರುತ್ತಾರೆ, ಬೆರಳು ಕೊಟ್ಟವರ ಕಸುವು ಹೋಗುತ್ತದೆ ಎಂದು ಊರಲ್ಲಿ ಮಾತಿತ್ತು. ಹುಳು ಇದ್ದವರಿಗೆ ಅವನು ಕೊಡುತ್ತಿದ್ದ ಬಿಳಿ ಗುಳಿಗೆಯಿಂದ ಎರಡು ದಿನ ಜ್ವರ ಬರುವುದು ನಿಜವೇ ಆಗಿತ್ತು. ಒಂದು ರಾತ್ರಿ ಕಟ್ಟೆಯ ಮೇಲಿದ್ದ ಮುದುಕನೊಬ್ಬ ಅವನ ಮೇಲೆ ಕರುಣೆಯಿಂದಲೋ ಏನೋ ಹೇಳಿಬಿಟ್ಟ: ನಿಮ್ಮ ದೀಪ ಗುಡ್ಡದ ನೆತ್ತಿಯ ಮೇಲೆ ಕಂಡ ಕೂಡಲೇ ಮಂದಿ ಹೊಲದ ಕಡೆ ಎದ್ದು ಹೋಗುತ್ತಾರೆ. ನೀವು ಇಳಿದು ಬರುವುದಕ್ಕೆ ಅರ್ಧ ತಾಸು ಬೇಕು, ಅವರಿಗೆ ಅಷ್ಟು ಹೊತ್ತು ಬೇಡ.

ಆ ಊರಲ್ಲಿ ಅವನ ದೀಪಕ್ಕಾಗಿ ಕಾಯುತ್ತಿದ್ದವಳು ಒಬ್ಬಳೇ, ಮರೆಮ್ಮ. ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣು. ಚಿಮ್ಮನಚೋಡಕ್ಕೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಬಲಗಾಲು ಬಾತುಕೊಂಡು ಇಳಿಯದಿದ್ದಾಗ ಗಂಡನ ಮನೆಯವರು ಗಾಡಿ ಕಟ್ಟಿ ತಂದು ಬಿಟ್ಟುಹೋದರು. ತಾಯಿ ಹೀರಾಬಾಯಿ ಕೂಲಿ ಮಾಡುತ್ತಿದ್ದಳು. ಗುಡ್ಡದಿಂದ ಇಳಿಯುವ ದಾರಿಯ ಕೊನೆಯ ತಿರುವಿಗೆ ಅವರ ಗುಡಿಸಲು. ಮರೆಮ್ಮ ಹಗಲೆಲ್ಲ ಅಂಗಳದಲ್ಲಿ ಕಾಲು ಚಾಚಿ ಕುಳಿತು ಮುತ್ತಲ ಎಲೆಯ ಪತ್ರಾವಳಿ ಹಚ್ಚುತ್ತಿದ್ದಳು. ಆ ಊರಿನ ಸರದಿಯ ಗುರುವಾರ ರಾತ್ರಿ ದೀಪ ಕಂಡೊಡನೆ ಎದ್ದು, ಕೋಲೂರಿಕೊಂಡು ದಾರಿಯ ಅಂಚಿಗೆ ಬಂದು ನಿಲ್ಲುತ್ತಿದ್ದಳು. ಅವನು ಸೈಕಲ್ಲಿನಿಂದ ಇಳಿಯುವ ಮುಂಚೆಯೇ ಬೆರಳು ಚಾಚುತ್ತಿದ್ದಳು. ಗುಳಿಗೆ ತೆಗೆದುಕೊಂಡು ಅವನೆದುರಿಗೇ ನುಂಗುತ್ತಿದ್ದಳು. ಆಮೇಲೆ ಪ್ರತಿಸಲ ಒಂದೇ ಮಾತು ಕೇಳುತ್ತಿದ್ದಳು.

“ಸಾಬ್ರೇ, ನಂದು ಕಾಲು ಇಳೀತದೇನ್ರಿ?”

“ಇಳೀತದವ್ವ. ಗುಳಿಗಿ ಮಾತ್ರ ಬಿಡಬ್ಯಾಡ.”

ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೇಡಂ ಆಫೀಸಿನಲ್ಲಿ ದುರ್ಬೀನು ಎನ್ನುತ್ತಿದ್ದ ಸೂಕ್ಷ್ಮದರ್ಶಕದ ಕೆಳಗೆ ಪಟ್ಟಿಗಳನ್ನು ನೋಡುವ ಭೀಮಶಾ ಎಂಬ ಹಿರಿಯ ನೌಕರ ಮೊದಲ ವರ್ಷವೇ ಹೇಳಿಕೊಟ್ಟಿದ್ದ: ಗುಳಿಗೆ ರಕ್ತದಲ್ಲಿನ ಹುಳು ಕೊಲ್ಲುತ್ತದೆ, ಬಾವು ಗಟ್ಟಿಯಾದ ಕಾಲನ್ನು ಇಳಿಸುವುದಿಲ್ಲ. ಮಜೀದಸಾಬ ಈ ಮಾತನ್ನು ಮರೆಮ್ಮನಿಗೆ ಹೇಳಬೇಕೆಂದು ಗುಡ್ಡ ಹತ್ತುವಾಗೆಲ್ಲ ಅಂದುಕೊಳ್ಳುತ್ತಿದ್ದ. ದಾರಿಯ ಅಂಚಿನಲ್ಲಿ ಅವಳ ಮುಖ ಕಂಡಾಗ ಸುಳ್ಳೇ ಬಾಯಿಗೆ ಬರುತ್ತಿತ್ತು. ಹೀಗೆ ಎರಡೂವರೆ ವರ್ಷ ನಡೆಯಿತು.

1974ರ ಬೇಸಿಗೆಗೆ ಆಫೀಸಿನಿಂದ ಕಾಗದ ಬಂತು. ಬಂಡಪಲ್ಲಿಯಿಂದ ವಾರಕ್ಕೆ ಅರವತ್ತು ಪಟ್ಟಿ ಬರಬೇಕು, ಹತ್ತು ಹನ್ನೆರಡು ಬರುತ್ತಿವೆ, ಹೀಗಾದರೆ ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದು ಅದರಲ್ಲಿತ್ತು. ಮನೆಯಲ್ಲಿ ನಾಲ್ಕು ಮಕ್ಕಳಿದ್ದರು. ಮಜೀದಸಾಬ ಆ ಗುರುವಾರ ಗುಡ್ಡದ ನೆತ್ತಿ ಮುಟ್ಟುವ ಮುಂಚೆಯೇ ಬ್ಯಾಟರಿಯ ಗುಂಡಿ ಒತ್ತಿ ದೀಪ ಆರಿಸಿದ. ಕಣ್ಣು ಕತ್ತಲಿಗೆ ಒಗ್ಗುವವರೆಗೆ ಒಂದು ಬಂಡೆಯ ಮೇಲೆ ಕುಳಿತ. ಆಮೇಲೆ ಸೈಕಲ್ಲು ನೂಕಿಕೊಂಡು ಊರಿಗೆ ಇಳಿದ.

ಮಂದಿ ಮನೆಯಲ್ಲೇ ಇದ್ದರು. ಉಣ್ಣುತ್ತಿದ್ದವರು, ಮಕ್ಕಳನ್ನು ಮಲಗಿಸುತ್ತಿದ್ದವರು. ಬಾಗಿಲಲ್ಲಿ ಖಾಕಿ ಅಂಗಿ ಕಂಡ ಮೇಲೆ ಓಡುವುದು ಹೇಗೆ? ಬೈಯುತ್ತಲೇ ಬೆರಳು ಕೊಟ್ಟರು. ಅಂದು ಅರವತ್ತೆಂಟು ಪಟ್ಟಿಗಳಾದವು. ಮುಂದಿನ ವಾರ ಎಪ್ಪತ್ತು. ಭೀಮಶಾ ಆ ಪಟ್ಟಿಗಳಲ್ಲಿ ಏಳು ಮಂದಿಯ ರಕ್ತದಲ್ಲಿ ಹುಳು ಕಂಡ. ಅವರಿಗೆ ಗುಳಿಗೆ ಸಿಕ್ಕಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ತಾನು ಏನೋ ಮಾಡಿದೆ ಎಂದು ಮಜೀದಸಾಬನಿಗೆ ಅನ್ನಿಸಿತು. ಆದರೆ ನೂಕಿಕೊಂಡು ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು, ಹನ್ನೆರಡರೊಳಗೆ ಎಲ್ಲ ಮನೆ ಮುಗಿಯುತ್ತಿರಲಿಲ್ಲ. ದಾರಿ ಈಗ ಕಾಲಿಗೆ ಬಾಯಿಪಾಠವಾಗಿತ್ತು. ಮೂರನೆಯ ವಾರ ಅವನು ಕತ್ತಲಲ್ಲೇ ಸೈಕಲ್ಲು ಹತ್ತಿ ಇಳಿದ. ನಾಲ್ಕನೆಯ ವಾರವೂ ಇಳಿದ.

ಮರೆಮ್ಮನಿಗೆ ದೀಪ ಕಾಣಲಿಲ್ಲ. ನಾಲ್ಕು ವಾರ ಅವಳು ಒಳಗೇ ಕುಳಿತು ಕಾದಳು. ತಪ್ಪಿಸಿಕೊಳ್ಳುವವರಲ್ಲವೆಂದು ಅವನು ಅವರ ಗುಡಿಸಲನ್ನು ಕಡೆಗೆ ಇಟ್ಟುಕೊಂಡಿದ್ದರಿಂದ, ಬಾಗಿಲಿಗೆ ಬರುವ ಹೊತ್ತಿಗೆ ತಾಯಿ ಮಗಳು ಮಲಗಿರುತ್ತಿದ್ದರು. ಎಬ್ಬಿಸುವುದು ಬೇಡವೆಂದು ಗುಳಿಗೆಯ ಪೊಟ್ಟಣವನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದ. ಅವಳಿಗೆ ಗುಳಿಗೆಯಷ್ಟೇ ಬೇಕಿರಲಿಲ್ಲ. ಕಾಲು ಇಳಿಯುತ್ತದೆ ಎಂಬ ಅವನ ಮಾತು ಬೇಕಿತ್ತು. ಐದನೆಯ ಗುರುವಾರ, ದೀಪವಿಲ್ಲದಿದ್ದರೂ ಸಾಬ ಬಂದೇ ಬರುತ್ತಾನೆಂದು ತಿಳಿದು, ಕತ್ತಲಾದ ಮೇಲೆ ಕೋಲೂರಿಕೊಂಡು ಹೋಗಿ ತಿರುವಿನಲ್ಲಿ ದಾರಿಯ ಮೇಲೆಯೇ ಕುಳಿತಳು.

ಸೈಕಲ್ಲು ವೇಗವಾಗಿ ಬಂತು. ಅವಳು ಎದ್ದೇಳಲು ಕೋಲಿಗೆ ಕೈ ಹಾಕುವಷ್ಟರಲ್ಲಿ ಮುಂದಿನ ಗಾಲಿ ಅವಳ ಬಾತ ಕಾಲಿನ ಮೇಲೆ ಹಾಯಿತು. ಮಜೀದಸಾಬ ಎಗರಿ ಬಿದ್ದ. ಬ್ಯಾಟರಿ ಬಿಚ್ಚಿ ಹಚ್ಚಿ ನೋಡಿದಾಗ, ಮಂಡಿಯ ಕೆಳಗಿನಿಂದ ಹಿಮ್ಮಡಿಯವರೆಗೆ ಗಟ್ಟಿ ಚರ್ಮ ಸೀಳಿ, ರಕ್ತಕ್ಕಿಂತ ಹೆಚ್ಚಾಗಿ ತೆಳ್ಳನೆಯ ನೀರು ಸುರಿಯುತ್ತಿತ್ತು. ಪೆಟ್ಟಿಗೆಯ ಹತ್ತಿಯನ್ನೆಲ್ಲ ಅದಕ್ಕೆ ಒತ್ತಿದ. ಅವಳು ಅಳಲಿಲ್ಲ, ಬೈಯಲಿಲ್ಲ.

“ದೀಪ ಯಾಕ ಆರಿಸಿದ್ರಿ ಸಾಬ್ರೇ?” ಎಂದಳು. “ನಾ ದೀಪದ ದಾರೀನೇ ನೋಡ್ಲಿಕತ್ತಿದ್ದೆ.”

ಅವನು ಕಾಲು ಹಿಡಿದುಕೊಂಡು ಕುಳಿತ. ಸೈಕಲ್ಲು ಬಿದ್ದ ಸದ್ದು ಕೇಳಿ ಹೀರಾಬಾಯಿ ಬಂದಳು. ಇಬ್ಬರೂ ಸೇರಿ ಒಳಗೆ ಒಯ್ದರು.

ಅಂಥ ಕಾಲಿನ ಗಾಯ ಕೂಡುವುದಿಲ್ಲ. ಮಜೀದಸಾಬ ಮರುದಿನ ಚಿಂಚೋಳಿಯಿಂದ ಮುಲಾಮು, ಪಟ್ಟಿಬಟ್ಟೆ ತಂದು ಕಟ್ಟಿದ. ಚಿಂಚೋಳಿಯ ಆಸ್ಪತ್ರೆಗೆ ಒಯ್ಯೋಣವೆಂದು ಗಾಡಿ ಕೇಳಿದ. ಮೂರು ದಿನ ಯಾರೂ ಕೊಡಲಿಲ್ಲ. ಕತ್ತಲಲ್ಲಿ ಕದ್ದು ಬಂದು ರಕ್ತ ತೆಗೆದವನಿಗೆ ಗಾಡಿ ಯಾಕೆ ಎಂದರು. ನಾಲ್ಕನೆಯ ದಿನ ಗಾಡಿ ಸಿಕ್ಕಾಗ ಕಾಲು ಕಪ್ಪಾಗಿ, ಮೈ ಕೆಂಡವಾಗಿತ್ತು. ಆಸ್ಪತ್ರೆಯಲ್ಲಿ ಒಂದು ವಾರ ಇದ್ದಳು. ಅವನು ರಾತ್ರಿ ಉಳಿದ ಮೂರು ಊರುಗಳಿಗೆ ಹೋಗಿ, ಹಗಲು ಅವಳ ಮಂಚದ ಹತ್ತಿರ ನೆಲದ ಮೇಲೆ ಕುಳಿತಿರುತ್ತಿದ್ದ. ಜ್ವರದ ನಡುವೆ ಒಮ್ಮೆ ಅವಳು ಎಚ್ಚರಾಗಿ ಮತ್ತೆ ಅದೇ ಮಾತು ಕೇಳಿದಳು. ಅವನೂ ಅದೇ ಉತ್ತರ ಕೊಟ್ಟ. ಸೋಮವಾರ ನಸುಕಿಗೆ ಸತ್ತಳು.

ಹೀರಾಬಾಯಿ ಅವನ ಮೇಲೆ ದೂರು ಕೊಡಲಿಲ್ಲ. ಊರವರು ಕೇಳಿದಾಗ, ಮಗಳು ದಾರಿಯ ನಡುವೆ ಕುಳಿತದ್ದು ತಪ್ಪು ಅಂದಳಂತೆ. ಕೆಲವು ತಿಂಗಳಿಗೆ ಗುಡಿಸಲಿನ ಬಾಗಿಲಿಗೆ ಮುಳ್ಳಿನ ಕಂಟಿ ಎಳೆದು, ಶಹಾಬಾದಿನ ಖಣಿಗೆ ಕಲ್ಲು ಹೊರಲು ಹೋದಳು. ಮಜೀದಸಾಬ ಅವಳನ್ನು ಮತ್ತೆ ನೋಡಲಿಲ್ಲ.

ಅದಾದ ಮೇಲೆ ಗುರುವಾರ ಅವನು ದೀಪ ಹಚ್ಚಿಕೊಂಡೇ ಗುಡ್ಡ ಹತ್ತುತ್ತಿದ್ದ, ನೆತ್ತಿಯ ಮೇಲೆ ನಿಲ್ಲುತ್ತಿದ್ದ. ಕೆಳಗೆ ಊರಿನ ಸಣ್ಣ ಬೆಳಕುಗಳು ಒಂದೊಂದೇ ಮಾಯವಾಗುತ್ತಿದ್ದವು. ಇಳಿಯಲು ಕಾಲು ಬರುತ್ತಿರಲಿಲ್ಲ. ಒಂದು ರಾತ್ರಿ ಅಲ್ಲೇ ಬಂಡೆಯ ಮೇಲೆ ಪೆಟ್ಟಿಗೆ ಬಿಚ್ಚಿ, ಬ್ಯಾಟರಿಯ ಬೆಳಕಿನಲ್ಲಿ ತನ್ನ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡ. ಒಂದು ಬೆರಳಿನಿಂದ ಆರು ಪಟ್ಟಿ. ಹತ್ತು ಬೆರಳಿಗೆ ಅರವತ್ತು. ಪಟ್ಟಿಗಳ ಮೇಲೆ ಬಂಡಪಲ್ಲಿಯ ಮಂದಿಯ ಹೆಸರು ಬರೆದು, ಸುತ್ತಿ, ಮರಳಿ ಚಿಂಚೋಳಿಗೆ ಇಳಿದ.

ಮುಂದಿನ ವಾರವೂ ಹಾಗೆಯೇ ಮಾಡಿದ. ಆಮೇಲಿನ ವಾರವೂ. ಬೆರಳ ತುದಿಗಳು ಗಟ್ಟಿಯಾಗಿ ಅನ್ನ ಕಲಸಿದರೆ ಉರಿಯುತ್ತಿದ್ದವು. ಇಮಾಮ್‌ಬೀ ನೋಡಿ ಕೇಳಿದಾಗ ಸೈಕಲ್ಲಿನ ಸರಪಳಿ ಚುಚ್ಚಿತೆಂದ. ಅವಳು ನಂಬಿದಳೋ ಇಲ್ಲವೋ, ಶನಿವಾರ ರಾತ್ರಿ ಅರಿಶಿನ ಎಣ್ಣೆ ಬಿಸಿಮಾಡಿ ಹಚ್ಚತೊಡಗಿದಳು.

ಅವನ ರಕ್ತದಲ್ಲಿ ಹುಳು ಇರಲಿಲ್ಲ. ಹೀಗಾಗಿ ಬಂಡಪಲ್ಲಿಯ ಅರವತ್ತು ಹೆಸರುಗಳ ಮುಂದೆ ವಾರ ವಾರವೂ ಇಲ್ಲ, ಇಲ್ಲ, ಇಲ್ಲ ಎಂದೇ ದಾಖಲಾಯಿತು. ಒಂದೂವರೆ ವರ್ಷ ಕಳೆದ ಮೇಲೆ, 1976ರಲ್ಲಿ, ಆ ಊರಿನಲ್ಲಿ ರೋಗವಿಲ್ಲವೆಂದು ತೀರ್ಮಾನವಾಗಿ ರೋಗದ ಊರುಗಳ ಯಾದಿಯಿಂದ ಅದರ ಹೆಸರು ತೆಗೆದರು. ಅವನು ಇಳಿಯದ್ದರಿಂದ ಆಗಲೇ ನಿಂತಿದ್ದ ಗುಳಿಗೆ ಈಗ ದಾಖಲೆಯಲ್ಲೂ ನಿಂತಿತು. ಮಜೀದಸಾಬನನ್ನು ಗುಡ್ಡದ ಕೆಲಸದಿಂದ ಬಿಡಿಸಿ ಮತ್ತೆ ಸೇಡಂನ ಓಣಿಗಳಿಗೆ ಹಾಕಿದರು. ಆಫೀಸಿನಲ್ಲಿ ಅವನ ಕೈ ಕುಲುಕಿದರು.

ಅವನಿಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ. ಹುಳು ಸಿಕ್ಕು, ಗುಳಿಗೆ ಅರ್ಧಕ್ಕೇ ನಿಂತ ಆ ಏಳು ಮಂದಿಯ ಹೆಸರುಗಳು ಅವನಿಗೆ ನೆನಪಿದ್ದವು. ಅವರಲ್ಲಿ ಮೂವರು ಚಿಕ್ಕವರು. ಒಂದು ಮಧ್ಯಾಹ್ನ ಭೀಮಶಾನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ ನಿಂತುಕೊಂಡ.

“ಬಂಡಪಲ್ಲಿ ಪಟ್ಟಿ ಮ್ಯಾಲಿಂದು ನನ್ನ ರಗತ,” ಎಂದ.

ಭೀಮಶಾ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. “ನನಗ ಗೊತ್ತದ, ಮಜೀದ. ಹತ್ತು ಮಂದ್ಯಾಗ ಒಬ್ಬರಿಗಿ ಹುಳ ಇದ್ದ ಊರು. ಒಂದೇ ವಾರದಾಗ ಒಂದೂ ಇಲ್ಲಂದ್ರ ನನಗ ತಿಳ್ಯಾಂಗಿಲ್ಲೇನು?”

“ಮತ್ತ ಯಾಕ ಸುಮ್ಮನಿದ್ರಿ?”

“ನಿನ್ನ ಮನ್ಯಾಗ ನಾಕು ಮಕ್ಕಳವ. ನನ್ನ ಮನ್ಯಾಗ ಮೂರು. ಗೊತ್ತಿದ್ದೂ ಸಹಿ ಮಾಡಿದಾಂವ ನಾನು.”

ಇಬ್ಬರೂ ಕೂಡಿ ಮೇಲಿನ ಸಾಹೇಬರ ಹತ್ತಿರ ಹೋಗುವುದೆಂದು ಮಾತಾಯಿತು. ಭೀಮಶಾ ಕಡೆಯ ಗಳಿಗೆಯಲ್ಲಿ ಬರಲಿಲ್ಲ. ಮಜೀದಸಾಬ ಒಬ್ಬನೇ ಹೋಗಿ ನಿಂತ. ಸಾಹೇಬರು ಹೊಸಬರು, ವರ್ಗವಾಗಿ ಬಂದು ತಿಂಗಳಾಗಿತ್ತು. ಪೂರಾ ಕೇಳಿಸಿಕೊಂಡರು. ಬೈಯಲಿಲ್ಲ. ಇದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟರೆ ಮುಂದೆ ಕಳಿಸುತ್ತೇನೆ, ನಿನ್ನ ನೌಕರಿ ಉಳಿಯುವುದಿಲ್ಲ, ಇನ್ನೊಬ್ಬನದೂ ಹೋಗುತ್ತದೆ, ಯೋಚಿಸಿ ಬಾ ಎಂದರು.

ಅವನು ಒಂದು ಹಾಳೆ ತಂದು ಮನೆಯಲ್ಲಿ ಕುಳಿತ. ಆ ವರ್ಷ ದೊಡ್ಡ ಮಗಳು ಕಮರುನ್ನೀಸಾಳ ಮದುವೆ ಗೊತ್ತಾಗಿತ್ತು, ವಾಡಿಯ ಕಡೆಯ ಸಂಬಂಧ. ಮದುವೆ ಮುಗಿಯಲಿ ಎಂದುಕೊಂಡ. ಮುಗಿಯಿತು. ಆಮೇಲೆ ಇಮಾಮ್‌ಬೀ ಕಾಯಿಲೆ ಬಿದ್ದಳು. ಆಮೇಲೆ ಆ ಸಾಹೇಬರಿಗೂ ವರ್ಗವಾಯಿತು. ಹಾಳೆ ಕಪಾಟಿನಲ್ಲಿ ಹಳದಿಯಾಯಿತು. ಬರೆಯದಿದ್ದುದಕ್ಕೆ ಅವನು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ತನಗೆ ಧೈರ್ಯ ಆಗಲಿಲ್ಲ ಎಂದಷ್ಟೇ ಮುಂದೆ ಹೇಳುತ್ತಿದ್ದ.

1981ರಲ್ಲಿ ಒಮ್ಮೆ, ರಜೆ ಹಾಕಿ, ಆಫೀಸಿನ ಗುಳಿಗೆಗಳ ಡಬ್ಬಿಯೊಂದನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಬಂಡಪಲ್ಲಿಗೆ ಹೋದ. ಹಗಲಿನಲ್ಲಿ ಆ ಊರನ್ನು ನೆಮ್ಮದಿಯಿಂದ ನೋಡಿದ್ದು ಅದೇ ಮೊದಲು. ಅರ್ಧ ದಾರಿಯವರೆಗೆ ಈಗ ಲಾರಿ ಬರುತ್ತಿತ್ತು. ಕಟ್ಟೆಯ ಮೇಲಿದ್ದವರು ಗುರುತು ಹಿಡಿದರು, ಕುಂದ್ರಿ ಎಂದರು, ನೀರು ಕೊಟ್ಟರು. ಹಳೆಯ ಸಿಟ್ಟು ಯಾರಲ್ಲೂ ಕಾಣಲಿಲ್ಲ. ಗುಳಿಗೆಯ ಮಾತು ತೆಗೆದಾಗ ಒಬ್ಬ ನಕ್ಕು, “ನಮ್ಮೂರಾಗ ಆ ರೋಗ ಇಲ್ರಿ. ಸರ್ಕಾರದೋರೇ ಬರದು ಕೊಟ್ಟಾರ,” ಎಂದ. ಹಾಗೆ ಬರೆದುಕೊಟ್ಟದ್ದರಿಂದ ಈ ಊರಿಗೆ ಹೆಣ್ಣು ಕೊಡಲು ಈಗ ಯಾರೂ ಹಿಂದೆಮುಂದೆ ನೋಡುವುದಿಲ್ಲ ಎಂದೂ ಹೇಳಿದ.

ಹಳೆಯ ಏಳು ಮಂದಿಯಲ್ಲಿ ಒಬ್ಬಳು ಅನಸುಬಾಯಿ. ಆಗ ಸಣ್ಣ ಹುಡುಗಿ, ಈಗ ಅದೇ ಊರಿನ ಸೊಸೆ, ಕಂಕುಳಲ್ಲಿ ಕೂಸು. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೀರೆಯ ಅಂಚಿನ ಕೆಳಗೆ ಎಡಗಾಲಿನ ಹಿಮ್ಮಡಿ ತುಂಬಿಕೊಂಡದ್ದು ಮಜೀದಸಾಬನಿಗೆ ದೂರದಿಂದಲೇ ಕಂಡಿತು. ಇನ್ನೂ ಮೆತ್ತಗಿನ ಬಾವು. ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ಎಷ್ಟು ದಿನವಾಯಿತು ಎಂದು ಕೇಳಿದ. ಅವಳು ಸೀರೆ ಕೆಳಗೆ ಎಳೆದುಕೊಂಡಳು. ನೀರು ತರುವಾಗ ಕಾಲು ಉಳುಕಿತು ಎಂದಳು.

ಇದು ಉಳುಕಲ್ಲ, ಈಗಲೇ ಗುಳಿಗೆ ತೆಗೆದುಕೊಂಡರೆ ಒಳ್ಳೆಯದು ಎಂದು ಅವನು ಹೇಳತೊಡಗಿದ. ಅನಸುಬಾಯಿ ಒಳಗಿದ್ದ ಅತ್ತೆಯ ಕಡೆ ಒಮ್ಮೆ ತಿರುಗಿ ನೋಡಿದಳು.

“ಸಾಬ್ರೇ, ನೀವು ನಮ್ಮ ಅಂಗಳದಾಗ ನಿಂತಿದ್ದು ಮಂದಿ ನೋಡಿದ್ರ ನನ್ನ ಬಾಳೇವು ಹೋಗ್ತದ. ಕೈ ಮುಗೀತೀನಿ, ಹೋಗ್ರಿ.”

ಡಬ್ಬಿಯನ್ನು ಅವಳ ಮೊರದ ಪಕ್ಕಕ್ಕೆ ಇಡಲು ಬಾಗಿದ. ಅವಳು ಅದನ್ನು ಕಾಲಿನಿಂದಲೇ ಅವನ ಕಡೆ ಸರಿಸಿದಳು, ಅದೇ ಎಡಗಾಲಿನಿಂದ. ಅವನು ಎತ್ತಿಕೊಂಡು ಚೀಲಕ್ಕೆ ಹಾಕಿದ.

ಮಜೀದಸಾಬ ಇನ್ನೂ ಆರು ವರ್ಷ ಸೇಡಂನ ಓಣಿಗಳಲ್ಲಿ ಬೆರಳು ಚುಚ್ಚಿದ. ನಿವೃತ್ತಿಗೆ ಮುಂಚೆಯೇ ಎದೆನೋವಿನಿಂದ ತೀರಿಕೊಂಡ. ಬಂಡಪಲ್ಲಿಯ ಹೆಸರು ಆಫೀಸಿನ ಯಾದಿಗೆ ಮರಳಿ ಸೇರಲಿಲ್ಲ.